ತುರುಬಿನ ಅಳತಿಗೆ ತಂದ ಹೆಲ್ಮೆಟ್

ಕಾವೇರಿ,

ಸ್ಟೇಷನ್ನಿಗೆ ಬಾಡಿಗಿ ಐತಿ, ಆಟೋ ತಗೊಂಡು ಹೊಂಟೀನಿ. ನಿನ್ನ ಎಬ್ಬಸಾಕ ಮನಸಾಗಲಿಲ್ಲ. ರಾತ್ರಿ ಜಗಳಾಡಿ ಇಬ್ರೂ ದಣದೀವಿ. ಚಾ ಸೋಸಿಟ್ಟೀನಿ, ಬಿಸಿ ಮಾಡ್ಕೊ.

ನಿನ್ನ ಹೆಲ್ಮೆಟ್ ಒಯ್ದೀನಿ. ಅಂಗಡಿಯವ್ನಿಗೆ ಕೈಮುಗಿದು ಬದಲಿ ಮಾಡಿಸ್ತೀನಿ. ತಲಿ ಬಿಟ್ಟು ತುರುಬಿನ ಅಳತಿಗೆ ತಂದ್ರ ಕಣ್ಣ ಮ್ಯಾಲ ಜಾರದ ಏನ್ ಮಾಡತೈತಿ? ನಿನ್ನೆ ಕುರ್ತಕೋಟಿ ರಸ್ತೆದಾಗ ಅದು ಜಾರಿ ಕಣ್ಣು ಮುಚ್ಚಿದಾಗ ಟ್ರ್ಯಾಕ್ಟರಿನವ ಬ್ರೇಕ್ ಹಾಕಿದ್ದಕ್ಕ ಉಳದಿ. ಅದನ್ನ ನಕ್ಕೋಂತ ಹೇಳಿದಿ ನೀ. ನನಗ ಊಟ ಸೇರಲಿಲ್ಲ.

ಇವತ್ತು ನನ್ನ ಹೆಲ್ಮೆಟ್ ಹಾಕ್ಕೊ. ತುರುಬಿನ ಮ್ಯಾಲ ಅದು ಕೂಡಂಗಿಲ್ಲ, ಬಡದು ಕೂಡಸಬ್ಯಾಡ. ಕುತ್ತಿಗಿ ಹತ್ರ ಸಡ್ಲ ಹೆರಳು ಹಾಕಿ ಜಾಕೀಟಿನ ಒಳಗ ಬಿಡು. ಕ್ಲಿಪ್ಪು, ಹೂವು ಬ್ಯಾಡ. ಗದ್ದದ ಕೆಳಗ ಪಟ್ಟಿ ಬಿಗಿ ಮಾಡಿ ತಲಿ ಅಲ್ಲಾಡ್ಸಿ ನೋಡು, ಹೆಲ್ಮೆಟ್ ತಲಿ ಜೋಡಿನ ತಿರಗಬೇಕು.

ಹೆರಳು ಹಾಕ್ಕೊಂಡ್ರ ಟೀಚರಂಗ ಕಾಣಂಗಿಲ್ಲ ಅಂತಿ. ಆತು, ಶಾಲಿ ಮುಟ್ಟಿದ ಮ್ಯಾಲ ತುರುಬು ಕಟ್ಕೊ. ಮುಟ್ಟೂದು ಮೊದಲು.

ನಿನ್ನ ಸ್ಕೂಟರ್ ಕೀಲಿ ಎಲ್ಲೂ ಹುಡುಕಬ್ಯಾಡ. ಕನ್ನಡಿ ಮುಂದ, ನಿನ್ನ ಬಾಚಣಿಗಿಗೆ ಹೆರಳಿನ ರಬ್ಬರಿನಿಂದ ಕಟ್ಟೀನಿ.

ಮಾಂತೇಶ