ಮೂರನೆಯ ಗುಂಡಿ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
ಭಾನುವಾರ, 9-2-1958

ಪ್ರಿಯ ಚಿಕ್ಕವೆಂಕಟಪ್ಪ,

ಕ್ಷೇಮಸಮಾಚಾರಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ. ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಎದುರಿಗಿರುವ ಮಸಿಕುಡಿಕೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಬರೆದುಕೊಡುತ್ತಿದ್ದೇನೆ: 1947ನೇ ಇಸವಿ ಏಪ್ರಿಲ್ ತಿಂಗಳಲ್ಲಿ, ನಾವು ಬೆಂಗಳೂರಿನ ಹಾಸ್ಟೆಲ್ ಬಿಟ್ಟ ದಿನ, ನೀನು ಸ್ನಾನಕ್ಕೆ ಹೋಗಿದ್ದಾಗ, ಗೂಟಕ್ಕೆ ನೇತುಹಾಕಿದ್ದ ನಿನ್ನ ಕರಿ ಕೋಟಿನ ಒಂದು ಗುಂಡಿಯನ್ನು ಬ್ಲೇಡಿನಿಂದ ಕತ್ತರಿಸಿ ಕದ್ದವನು ನಾನೇ. ನೀನು ದೋಬಿಯನ್ನು ಬೈದೆ. ಅವನು ಸತ್ಯವಂತ, ಅತ್ತುಬಿಟ್ಟ. ನಾನು ಹಾಸಿಗೆ ಸುತ್ತುತ್ತಾ ತಲೆ ಎತ್ತಲಿಲ್ಲ.

ಇಲ್ಲಿ ದಿನಾ ಸಾವಿರಾರು ಜನ ಗಣಿಯ ಗುಂಡಿಗೆ ಇಳಿದು ಚಿನ್ನ ತೆಗೆಯುತ್ತಾರೆ, ಮನೆಗೆ ಹೋಗುವಾಗ ಗೇಟಿನಲ್ಲಿ ಕೈ ಎತ್ತಿ ನಿಂತು ಮೈಯೆಲ್ಲ ತಡವಿಸಿಕೊಳ್ಳುತ್ತಾರೆ. ಕೋಟಿನ ಗುಂಡಿಗೆ ಕೈ ಹಾಕಿದ ನಾನು ಮಾತ್ರ ಹನ್ನೊಂದು ವರ್ಷ ಸಿಕ್ಕಿಬೀಳದೆ ಟೈಮ್ ಆಫೀಸಿನಲ್ಲಿ ಕೂತು ಅವರ ಹಾಜರಿ ಹಾಕುತ್ತಿದ್ದೇನೆ. ಇದನ್ನು ಈಗ ಯಾಕೆ ತೆಗೆದೆ ಅನ್ನುವುದು ಕೊನೆಗೆ ಬರುತ್ತದೆ.

ನಿನ್ನ ಕಾಗದ ಸಂಕ್ರಾಂತಿಯ ಎಳ್ಳಿನ ಜೊತೆಗೇ ಬಂತು. ಎಳ್ಳು ಖಾಲಿಯಾಗಿ ವಾರಗಳಾದವು, ಉತ್ತರ ಈಗ ಹೊರಟಿದೆ. ಆಫೀಸಿನ ಕೆಲಸ ಅಂತ ಬರೆಯಬಹುದಿತ್ತು. ನಿಜ ಏನೆಂದರೆ ಮೂರು ಸಲ ಬರೆದು ಮೂರು ಸಲ ಹರಿದೆ. ಕ್ಷಮಿಸು.

ನಿನ್ನ ಸಂಕಟ ಅರ್ಥವಾಯಿತು. ಇದೇ ಇಪ್ಪತ್ತಮೂರನೇ ತಾರೀಕು ಭಾನುವಾರ ಬಂಗಾರಪೇಟೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಇದು ಮೂರನೇ ಮನೆ. ಮೊದಲನೇ ಮನೆಯವರು "ಬರೆದು ತಿಳಿಸ್ತೀವಿ" ಅಂದು ಇನ್ನೂ ಬರೆಯುತ್ತಲೇ ಇದ್ದಾರೆ. ಎರಡನೇ ಮನೆಯಲ್ಲಿ ನಿನ್ನ ಚಿಕ್ಕಪ್ಪನ ಮಗನಿಗೆ ಮಣೆ ಹಾಕಿ, ನಿನ್ನನ್ನು "ನೀವು ಗಂಡಿನ ಕಡೇವ್ರಾ? ಅಲ್ಲೇ ಜಗಲೀಲಿ ಕೂತ್ಕಳಿ" ಅಂದರಂತೆ. ಓದಿ ನಕ್ಕೆ. ನಕ್ಕ ಮೇಲೆ ಕಾಗದ ಮಡಿಸಿಟ್ಟೆ. ಮೂವತ್ತೆರಡು ವರ್ಷದ ಮೇಷ್ಟ್ರು, ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವನು, ಜಗಲಿಯಲ್ಲಿ! ಈ ಸಲವೂ ಹಾಗಾದರೆ ಇನ್ನು ಯಾರ ಮನೆ ಮೆಟ್ಟಿಲೂ ಹತ್ತುವುದಿಲ್ಲ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಎರಡು ಸಲ ಓದಿದೆ.

ಆಮೇಲೆ ನಿನ್ನ ಆ ಆಫೀಸರು. ಡಿಸೆಂಬರಿನಲ್ಲಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನೋಡಿದೆಯಲ್ಲ, "ಆ ಮಹಾನುಭಾವರ ಥರ ಕಾಣಬೇಕು, ನಮ್ಮ ಸಂಬಳದಲ್ಲಿ ಆಗುತ್ತದೇನೋ ಮುನಿ?" ಅಂತ ಕೇಳಿದ್ದೀಯ. ಅವರ ಕಂದು ಕೋಟನ್ನು ಮೊಣಕೈಯ ಚರ್ಮದ ತೇಪೆಯಿಂದ ಹಿಡಿದು ಗುಂಡಿಗಳವರೆಗೆ ಅರ್ಧ ಪುಟ ವರ್ಣಿಸಿದ್ದೀಯ. ಮುಖದ ಬಗ್ಗೆ ಒಂದಕ್ಷರ ಇಲ್ಲ. ಇರಲಿ.

ಆಗುತ್ತದೆ ಕಣಯ್ಯ. ಮೊದಲನೆಯದಾಗಿ, ಪ್ಯಾಂಟು ಹೊಲಿಸಬೇಡ. ಅಭ್ಯಾಸವಿಲ್ಲದವನು ಪ್ಯಾಂಟು ಹಾಕಿ ಚಾಪೆಯ ಮೇಲೆ ಕೂತರೆ ಹುಡುಗಿಯನ್ನು ನೋಡುವುದಿಲ್ಲ, ಮಂಡಿಯನ್ನೇ ನೋಡಿಕೊಳ್ಳುತ್ತಾನೆ. ನಿನ್ನ ಹತ್ತಿರ ಇರುವ ಕಚ್ಚೆಪಂಚೆಯೇ ಸಾಕು. ಅನ್ನದ ಗಂಜಿ ತೆಳ್ಳಗೆ ಬಸಿದು ಅದ್ದಿ, ನೆರಳಲ್ಲಿ ಒಣಗಿಸು. ನೀಲಿ ಎರಡೇ ತೊಟ್ಟು. ಜಾಸ್ತಿಯಾದರೆ ವರ ಬಂದ ಅನ್ನುವುದಿಲ್ಲ, ನಾಟಕದ ಕೃಷ್ಣ ಬಂದ ಅನ್ನುತ್ತಾರೆ. ಇಸ್ತ್ರಿಪೆಟ್ಟಿಗೆ ಇಲ್ಲದಿದ್ದರೆ ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಉಜ್ಜು. ನಾನು ಆರು ವರ್ಷ ಹಾಗೇ ಮಾಡಿದೆ, ಆಮೇಲೆ ಪೆಟ್ಟಿಗೆಯನ್ನೇ ಕೊಂಡೆ. ಸ್ತ್ರೀ ಇಲ್ಲದ ಮನೆಯಲ್ಲಿ ಇಸ್ತ್ರಿಯಾದರೂ ಇರಲಿ ಅಂತ.

ಶರ್ಟು ಹೊಸದು ಬೇಡ. ಕಾಲರ್ ಸವೆದಿದೆ ಅಂತ ಬರೆದಿದ್ದೀಯ. ಅದನ್ನು ಬಿಚ್ಚಿಸಿ ಮಗುಚಿ ಹೊಲಿಸು, ಒಳಗಿನ ಮಗ್ಗುಲು ಹೊಸದಾಗಿಯೇ ಇರುತ್ತದೆ. ಒಂದು ಶರ್ಟಿಗೆ ಎರಡು ಆಯುಸ್ಸು, ಮನುಷ್ಯರಿಗಿಲ್ಲದ ಸೌಕರ್ಯ. ಅವರ ಮನೆಯ ಕಾಫಿ ಶರ್ಟಿನ ಮೇಲೆ ಬಿದ್ದರೆ ಗಾಬರಿಯಾಗಬೇಡ, ಜೇಬಿನಲ್ಲಿ ಸ್ಕೂಲಿನ ಸೀಮೆಸುಣ್ಣ ಒಂದು ತುಂಡು ಇಟ್ಟುಕೊಂಡಿರು. ಹಿತ್ತಲಿಗೆ ಹೋಗಿ ಕಲೆಯ ಮೇಲೆ ತಿಕ್ಕು. ಮೇಷ್ಟ್ರ ಮೈಮೇಲೆ ಸುಣ್ಣ ಕಂಡರೆ ಯಾರೂ ಕೇಳುವುದಿಲ್ಲ. ಚಪ್ಪಲಿಗೆ ಹಿಂದಿನ ದಿನವೇ ತೆಂಗಿನೆಣ್ಣೆ ಸವರು. ಅವತ್ತೇ ಸವರಿದರೆ ಧೂಳೆಲ್ಲ ಅದಕ್ಕೇ ನೆಂಟನಾಗುತ್ತದೆ.

ಇನ್ನು ಕೋಟು. ಬೂದಿಕೋಟೆಯವನಿಗೆ ಕೋಟಿಲ್ಲ ಅಂದರೆ ಊರಿನ ಹೆಸರಿಗೇ ಅವಮಾನ. ಆ ಚಿಂತೆ ನನಗೆ ಬಿಡು. ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ಇಲ್ಲಿಯ ದೊರೆಗಳು ಒಬ್ಬೊಬ್ಬರೇ ಊರು ಬಿಡುತ್ತಿದ್ದಾರೆ. ಹೋಗುವಾಗ ಬಂಗಲೆ ಜಗಲಿಯಲ್ಲಿ ಕುರ್ಚಿ, ಪಿಂಗಾಣಿ, ಬಟ್ಟೆ ಎಲ್ಲಾ ಹರಾಜು. ಅಂಥದೊಂದು ಕೋಟು ನನ್ನ ಕಣ್ಣಿಗೆ ಬಿದ್ದಿದೆ. ಅದನ್ನು ನಿನ್ನ ಅಳತೆಗೆ ಇಳಿಸಲು ರಾಬರ್ಟ್‌ಸನ್‌ಪೇಟೆಯ ಟೈಲರ್ ಕುಪ್ಪುಸ್ವಾಮಿಗೆ ಕೊಟ್ಟಿದ್ದೇನೆ. ಅಳತೆ ಎಲ್ಲಿಂದ ಬಂತು ಅನ್ನುತ್ತೀಯ. ಹಾಸ್ಟೆಲಿನಲ್ಲಿ ಮೂರು ವರ್ಷ ಇಬ್ಬರಿಗೂ ಸೇರಿ ಇದ್ದದ್ದು ನಿನ್ನದೊಂದೇ ಕೋಟು. ನನ್ನ ಮೈಗೆ ಅದು ಎಲ್ಲೆಲ್ಲಿ ಬಿಗಿಯುತ್ತಿತ್ತು ಅನ್ನುವುದು ಮರೆಯುತ್ತದೆಯೇ?

ಕುಪ್ಪುಸ್ವಾಮಿ ಟೇಪು ಕತ್ತಿಗೆ ಹಾಕಿಕೊಂಡು ಕೇಳಿದ: "ಯಾರ್ ಸಾರ್ ಇದು, ಇಷ್ಟು ಗಿಡ್ಡ? ಸ್ಕೂಲ್ ಪೈಯನಾ?"

"ನನ್ನ ಸ್ನೇಹಿತ."

"ನಿಮ್ಕು ಸ್ನೇಹಿತ್ರು ಬೇರೆ ಇದಾರಾ?" ಅಂದ. ತಮಾಷೆಗೇ ಅಂದದ್ದು. ಗುಂಡುಸೂಜಿ ಬಾಯಲ್ಲಿದ್ದರೂ ಮಾತು ಸಲೀಸಾಗಿ ಬಂತು.

ಪಕ್ಕದ ಲೈನ್ ಮನೆಯ ಕದಿರಮ್ಮನೂ ಕಮ್ಮಿಯಿಲ್ಲ. ಆಕೆಯ ಗಂಡ ಗಣಿಯೊಳಗೆ ಕೆಲಸ ಮಾಡುತ್ತಾನೆ, ಭಾನುವಾರ ಹತ್ತರವರೆಗೆ ಗೊರಕೆ. ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದರೆ ಬಾಗಿಲಲ್ಲಿ ನಿಂತು, "ಅದೇನ್ ಸಾಮಿ, ವಾರ್ವಾರ ಇಂಗ್ ತೀಡ್ತೀರ? ಆ ಗಣಿ ಮಣ್ಣಿನ್ ಸೈನೈಡ್ ದಿಬ್ಬದ್ ದೂಳು ನೋಡ್ಲಿ ಅಂತಾನಾ?" ಅಂತ ಕೇಳಿ, ಒಂದು ತಟ್ಟೆ ಉಪ್ಪಿಟ್ಟು ಕಿಟಕಿಯಲ್ಲಿಟ್ಟು ಹೋಗುತ್ತಾಳೆ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿರುತ್ತದೆ. ಮಾತಿಗೆ ಮಾತ್ರ ಒಂದು ಚಿಟಿಕೆ ಜಾಸ್ತಿ.

ಅವರಿಗೇನು ಗೊತ್ತು! ಕಡಿಮೆ ಖರ್ಚಿನಲ್ಲಿ ಠೀಕಾಗಿ ಕಾಣುವ ವಿದ್ಯೆಯಲ್ಲಿ ಈ ಊರಿಗೆಲ್ಲ ನಾನೇ ಪ್ರೊಫೆಸರು. ಭಾನುವಾರ ಬಂದರೆ ನನ್ನ ಬಾಗಿಲಲ್ಲಿ ಜನ. ಒಬ್ಬನಿಗೆ ಕಾಲರ್, ಒಬ್ಬನಿಗೆ ಟೈ ಗಂಟು. ನನ್ನ ಪಾಠದ ಸಾರ ಒಂದೇ, ನೀನೂ ಬರೆದಿಟ್ಟುಕೋ: ಒಳ್ಳೆ ಬಟ್ಟೆ ಅಂದರೆ ನೋಡಿದವರಿಗೆ ಬಟ್ಟೆ ಕಾಣಬಾರದು, ಮುಖ ಕಾಣಬೇಕು. ಆ ಮಟ್ಟಕ್ಕೆ ಈ ಜಿಲ್ಲೆಯಲ್ಲಿ ಏರಿದವನು ನಾನೊಬ್ಬನೇ.

"ನೀನೂ ಜೊತೆಗೆ ಬಾ, ನೀನಿದ್ದರೆ ಧೈರ್ಯ" ಅಂತ ಕರೆದಿದ್ದೀಯ. ಹೇಳಿದೆನಲ್ಲ, ಭಾನುವಾರ ನನಗೆ ಬಿಡುವೆಲ್ಲಿ? ಕೋಟನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ.

ನಿನಗಿಂತ ಎರಡು ತಿಂಗಳು ದೊಡ್ಡವನಾದ ಅಧಿಕಾರದಿಂದ ಆಶೀರ್ವದಿಸುತ್ತೇನೆ: ಈ ಸಲ ಮಣೆ ನಿನಗೇ ಸಿಗಲಿ, ಹುಡುಗಿ ತಲೆ ಎತ್ತಿ ನೋಡಲಿ, ಮುಂದಿನ ಸಂಕ್ರಾಂತಿಗೆ ಎಳ್ಳು ಇಬ್ಬರ ಹೆಸರಿನಲ್ಲಿ ಬರಲಿ. ಅಮ್ಮನಿಗೆ ನನ್ನ ನಮಸ್ಕಾರ.

ಇಂತಿ ನಿನ್ನ
ಮುನಿನಾರಾಯಣಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದು ನಾಲ್ಕನೇ ಕಾಗದ, ಇದನ್ನೂ ಹರಿದರೆ ಇನ್ನು ಬರೆಯಲಾರೆ.

ಆ ಆಫೀಸರು ನಾನೇ ಕಣೋ ಚಿಕ್ಕಾ.

ಕೋಟು ಹರಾಜಿನದು, ಈಗ ಕುಪ್ಪುಸ್ವಾಮಿ ಹತ್ತಿರ ಇರುವುದೂ ಅದೇ. ಅದರ ಜೊತೆಗೇ ಬಂದದ್ದು ಅವತ್ತು ನನ್ನ ತಲೆಯ ಮೇಲಿದ್ದ ಹ್ಯಾಟು. ಮೀಸೆ ತೆಗೆದಿದ್ದೇನೆ. ಹಾಸ್ಟೆಲಿನಲ್ಲಿ ನೀನು ಕಂಡ ಗುಂಡುಮುನಿ ಟೈಫಾಯಿಡ್ ಆದ ಮೇಲೆ ಅರ್ಧಕ್ಕಿಳಿದಿದ್ದಾನೆ. ನಿನ್ನ ತಪ್ಪಿಲ್ಲ. ಮೊದಲ ದಿನ ಆ ಕೋಟು ಹಾಕಿಕೊಂಡು ಆಫೀಸಿಗೆ ಹೋದಾಗ ಗೇಟಿನ ವಾಚ್‌ಮನ್ ಎದ್ದು ಸಲಾಮು ಹೊಡೆದ. ಸಂಜೆ ಮರದ ಕೆಳಗೆ ಇಸ್ಪೀಟು ಆಡುತ್ತಿದ್ದವರು ಎಲೆ ಬಿಸಾಕಿ ಎದ್ದು ನಿಂತರು. ಇಷ್ಟು ವರ್ಷ ಆ ಬಟ್ಟೆ ಕಂಡರೆ ಏಳುವುದು ಅವರ ಕಾಲಿಗೆ ರೂಢಿ. ನಾನು ಅಂತ ಗೊತ್ತಾದ ಮೇಲೆ ನಕ್ಕರು, ಆದರೆ ಅವತ್ತಿನಿಂದ ನನಗೆ ಎಲೆ ಹಾಕಲಿಲ್ಲ. "ದೊರೆಗಳು ಬಂದ್ರು" ಅನ್ನುತ್ತಾರೆ, ಜಾಗ ಬಿಡುತ್ತಾರೆ, ಮಾತು ನಿಲ್ಲಿಸುತ್ತಾರೆ. ಮಾರನೇ ದಿನವೇ ಕೋಟು ಬಿಚ್ಚಿಡಬಹುದಿತ್ತು. ಜಂಬ ಬಿಡಲಿಲ್ಲ.

ಬಾಗಿಲಲ್ಲಿ ಯಾವ ಜನವೂ ಇಲ್ಲ. ಭಾನುವಾರ ಇಸ್ತ್ರಿ ಮುಗಿಸಿ, ಮಾರಿಕುಪ್ಪಂ ಗಾಡಿಯಲ್ಲಿ ಬಂಗಾರಪೇಟೆಗೆ ಹೋಗಿ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ಸಂಜೆ ಗಾಡಿಗೆ ವಾಪಸು ಬರುತ್ತೇನೆ. ಬೂದಿಕೋಟೆ ಬಸ್ಸಿನಲ್ಲಿ ಬಂದವರು ರೈಲಿಗೆ ಅಲ್ಲಿಗೇ ಬರುತ್ತಾರಲ್ಲ, ಅದಕ್ಕೆ.

ಡಿಸೆಂಬರಿನಲ್ಲಿ ಕೊನೆಗೂ ನೀನು ಬಂದು ಬೆಂಚಿನ ಮೇಲೆ ಕೂತಿದ್ದೆ. ನಾನು ಟೀ ಕುಡಿದು ಹಿಂತಿರುಗಿದವನು ಎದುರಿಗೆ ನಿಂತೆ. ನೀನು ಚೀಲ ಎತ್ತಿಕೊಂಡು ಎದ್ದು, ಕೈಮುಗಿದು, "ಕೂತ್ಕೊಳ್ಳಿ ಸಾರ್" ಅಂದೆ. ತಮಾಷೆ ಮಾಡುತ್ತಿದ್ದೀಯ ಅಂದುಕೊಂಡೆ. ನಿನ್ನ ಕಣ್ಣು ಕೋಟಿನಿಂದ ಮೇಲಕ್ಕೆ ಬರಲೇ ಇಲ್ಲ. ಬಾಯಿಗೆ ಬಂದದ್ದು "ಲೋ ಚಿಕ್ಕಾ". ಹೊರಗೆ ಬಿದ್ದದ್ದು "ಥ್ಯಾಂಕ್ಯೂ". ನಿನ್ನ ಗಾಡಿ ಬರುವವರೆಗೆ ನೀನು ಕಂಬದ ಹತ್ತಿರ ನಿಂತೇ ಇದ್ದೆ, ನಾನು ಕೂತೇ ಇದ್ದೆ. ನಾಚಿಕೆಯ ವಿಷಯ, ಮೊದಲೆರಡು ನಿಮಿಷ ನನಗೆ ಖುಷಿಯೂ ಆಯಿತು.

ಆ ಕೋಟಿನ ಮೂರನೆಯ ಗುಂಡಿ ಮಾತ್ರ ಕರಿದು, ಅದೇನೋ ಹೊಸ ಫ್ಯಾಷನ್ ಇರಬೇಕು ಅಂತ ಬರೆದಿದ್ದೀಯ. ಹರಾಜಿನಲ್ಲಿ ಬಂದಾಗ ಅಲ್ಲಿ ಗುಂಡಿ ಇರಲಿಲ್ಲ. ಹೊಲಿದದ್ದು ನಿನ್ನ ಗುಂಡಿಯನ್ನು. ಅವತ್ತು ಅದನ್ನು ಕದ್ದದ್ದು, ಊರಿಗೆ ಹೋಗಿ ಹುಡುಕಿ "ನಿನ್ನ ಹತ್ತಿರ ಇದೆಯೇನೋ" ಅಂತ ನೀನು ಕಾಗದ ಬರೆಯಲಿ ಅಂತ. ನೀನೋ ಸ್ನಾನದಿಂದ ಬಂದವನೇ ನೋಡಿಬಿಟ್ಟೆ.

ಇಪ್ಪತ್ತಮೂರಕ್ಕೆ ಅದೇ ಬೆಂಚಿನ ಮೇಲೆ ಇರುತ್ತೇನೆ. ನಾನು ಶರ್ಟಿನಲ್ಲಿ, ಕೋಟು ಕಂಕುಳಲ್ಲಿ. ನಾನು ಬರುವುದು ಬೇಡ ಅನ್ನಿಸಿದರೆ ಕೋಟು ತೆಗೆದುಕೊಂಡು ಹೋಗು, ನಾನು ಸಂಜೆ ಗಾಡಿಗೆ ಹೋಗುತ್ತೇನೆ. ಜೊತೆಗೆ ಕರೆದುಕೊಂಡು ಹೋದರೆ ಜಗಲಿಯಲ್ಲಿ ನಾನು ಕೂತಿರುತ್ತೇನೆ.

ನನ್ನನ್ನು ಕಂಡು ಎದ್ದು ಮಾತ್ರ ನಿಲ್ಲಬೇಡ ಕಣೋ. ಸ್ವಲ್ಪ ಸರಿದು ಕೂತುಕೋ, ಸಾಕು.