ಅಣ್ಣನ ಬಿಳಿ ಮಾತ್ರೆ

ಜುಲೈ 12, 1998. ಬೆಳಿಗ್ಗೆ 6
ಇವರು ಲಾರಿಯಲ್ಲಿ ಚೆನ್ನೈಗೆ ದ್ರಾಕ್ಷಿ ಲೋಡ್ ಹಾಕಿ ಬಂದರು. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಇಡ್ಲಿ ಮುಟ್ಟಲಿಲ್ಲ. ಹಲ್ಲು ಕಡಿಯುತ್ತ ಅಂಗಳದಲ್ಲಿ ಅಲೆದಾಟ. ಗೋಡೆಯಾಚೆ ಪೊಲೀಸರಿದ್ದಾರಂತೆ. ನೋಡಿದೆ... ಪಕ್ಕದ ಮನೆ ಕಮಲಮ್ಮಾಳ್ ಅವರ ಎಮ್ಮೆ.

ಅಂಗಿ ಒಗೆಯುವಾಗ ಜೇಬಿನಲ್ಲಿ ಬಿಳಿ ಮಾತ್ರೆಗಳು. ಕವರ್ ಮೇಲೆ ನಮ್ಮಣ್ಣ ಚಿನ್ನಯ್ಯನ ಮೆಡಿಕಲ್ ಶಾಪಿನ ಸೀಲ್.

ಜುಲೈ 13
ಕಂಬಂ ಪೇಟೆಯ ಅಂಗಡಿಗೇ ಹೋಗಿ ಅಣ್ಣನನ್ನು ಕೇಳಿದೆ. ನಕ್ಕ.

"ನಿದ್ರೆ ಬಂದ್ರೆ ಲಾರಿ ಮಗುಚ್ಕೊಳ್ತದೆ ತಂಗಚ್ಚಿ. ನಿನ್ ಗಂಡ, ನಮ್ ಮಚ್ಚಾನ್ ಉಸುರು ಕಾಪಾಡ್ತಾ ಇವ್ನಿ ನಾನು."

ನನ್ನ ಗಂಡನನ್ನು ತಿಂದು ನನಗೇ ಬುದ್ಧಿ ಹೇಳುತ್ತಾನೆ! ಇರಲಿ. ಮಾಡುತ್ತೇನೆ ಇವನಿಗೆ.

ಆಗಸ್ಟ್ 9
ಇವರ ಎರಡು ಹಲ್ಲು ಉದುರಿದವು. ತೂಕ ನಲವತ್ತೆಂಟು ಕಿಲೋ. ಹಾರ್ಟ್ ವೀಕ್ ಅಂದರು ಡಾಕ್ಟರ್. ಮೊನ್ನೆ ಮಾತ್ರೆ ಬಚ್ಚಿಟ್ಟೆನೆಂದು ಕೈ ತಿರುಚಿದರು. ಸೌಟು ಹಿಡಿಯಲಾಗುತ್ತಿಲ್ಲ.

30ಕ್ಕೆ ಮಗಳು ನಿವೇತಾಳ ಕಿವಿ ಚುಚ್ಚಿಸುವ ಶಾಸ್ತ್ರ. ಮಗು ತಾಯ್‌ಮಾಮನ, ಅಂದರೆ ನಮ್ಮಣ್ಣನ, ತೊಡೆ ಮೇಲೆಯೇ ಕೂರಬೇಕು. ಅಣ್ಣ ಈಗಲೇ ಓಲೆ, ಮಗುವಿಗೆ ಉಡಿಸಲು ರೇಷ್ಮೆ ಪಾವಡೆ ತಂದಿಟ್ಟಿದ್ದಾನಂತೆ. ಬರಲಿ. ನೆಂಟರೆಲ್ಲರ ಎದುರು ಆ ತೊಡೆಗೆ ಮಗು ಕೊಡುವುದಿಲ್ಲ. ಇದಕ್ಕಿಂತ ದೊಡ್ಡ ಅವಮಾನ ನಮ್ಮವರಲ್ಲಿಲ್ಲ.

ಆಗಸ್ಟ್ 30, ಸಂಜೆ
ಮಾಡಿದೆ!

ಅಣ್ಣ ಜರಿ ಪಂಚೆ ಉಟ್ಟು ಮಣೆ ಮೇಲೆ ಕೂತು ಕೈ ಚಾಚಿದ. ನಾನು ಮಾತ್ರೆ ಕವರ್ ಎತ್ತಿ ಹಿಡಿದೆ. "ಎಲ್ಲಾರೂ ನೋಡ್ರಿ. ನಿದ್ರೆ ಓಡ್ಸೋಕೆ ಇದ ಮಾರ್ತಾನೆ. ಈ ಕೈಗೆ ನನ್ ಮಗಳ್ನ ಕೊಡಲ್ಲ!" ಅಂದೆ.

ಅವನ ಮುಖ ಕಪ್ಪಿಟ್ಟಿತು. ಸೀರು ಎಂದು ತಂದ ಉಡುಗೊರೆಯ ತಟ್ಟೆಗಳನ್ನು ಬಿಟ್ಟು ಎದ್ದು ಹೋದ. ಅತ್ತಿಗೆ ಅತ್ತಳು. ನನಗೆ ಅಳು ಬರಲಿಲ್ಲ. ಎಷ್ಟೋ ದಿನದ ಮೇಲೆ ಎರಡು ತುತ್ತು ಹೆಚ್ಚಾಗಿ ಉಂಡೆ.

ಸೆಪ್ಟೆಂಬರ್ 4
ಅಣ್ಣನ ಅಂಗಡಿ ಮುಂದೆ ಜನವೋ ಜನ. ಶಾಸ್ತ್ರಕ್ಕೆ ಬಂದು ಉಂಡು ಹೋದವರೇ. ಡ್ರೈವರುಗಳು, ತೋಟಕ್ಕೆ ನೀರು ಕಟ್ಟುವವರು, ಪರೀಕ್ಷೆಗೆ ಓದುವ ನೆಂಟರ ಹುಡುಗ ಸುಂದರ್ ಕೂಡ. ಎಲ್ಲರಿಗಿಂತ ಮುಂದೆ ನಮ್ಮ ಮನೆಯವರೇ ನಿಂತಿದ್ದರು.

ಅಣ್ಣ ನನ್ನನ್ನು ಕಂಡು ಕೈ ಮುಗಿದ. "ಊರ್ಗೆಲ್ಲ ಹೇಳ್ಕೊಟ್ಟಿಯಲ್ಲ ತಂಗಚ್ಚಿ, ರೊಂಬ ಸಂತೋಷ!"

ಸೆಪ್ಟೆಂಬರ್ 7. ತೇನಿ, ಮಧ್ಯಾಹ್ನ
ಪೊಲೀಸ್ ಆಫೀಸಿನ ವರಾಂಡದಲ್ಲಿ ಕೂತಿದ್ದೇನೆ. ದೂರಿನ ಅರ್ಜಿ ಕೈಯಲ್ಲಿದೆ. ಮಾರಿದವನ ಹೆಸರು ಬರೆದಾಯಿತು. ಜೈಲಲ್ಲಿ ಕೊಳೆಯಲಿ. ಆದರೆ ಕೊಂಡವನ ಹೆಸರೂ ಬೇಕಂತೆ, ಇಲ್ಲದಿದ್ದರೆ ಕೇಸ್ ನಿಲ್ಲದು. ಅವನನ್ನೂ ಹಿಡಿಯುತ್ತಾರಂತೆ.

ಐದು ವರ್ಷದ ಸಂಸಾರ. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಬರೆದದ್ದೂ ಇಲ್ಲ. ಅರ್ಜಿಗೆ ಮೊದಲು ಇಲ್ಲೇ ಬರೆದು ನೋಡುತ್ತೇನೆ, ಕೈ ಬರುತ್ತದೋ ಇಲ್ಲವೋ —

ಕಾಳಿಯ...