ಚೀಟಿಯ ನಂಬರ್

ಅಪ್ಪನಿಗೆ,

ನಿಮ್ಮ ಕೈಸೇರಿದ ರಕ್ತಪರೀಕ್ಷೆಯ ವರದಿಯನ್ನು ಹರಿದು ಹಾಕಿ. ಅದು ನಿಮ್ಮದಲ್ಲ.

ಲ್ಯಾಬಿನಲ್ಲಿ ಎಲ್ಲರ ಫಲಿತಾಂಶವಿರುವ ಎಕ್ಸ್‌ಎಂಎಲ್ ಕಡತದಿಂದ ಒಬ್ಬೊಬ್ಬರ ವರದಿ ಅಚ್ಚಾಗಲು ಸ್ಟೈಲ್‌ಶೀಟ್ ಎಂಬ ಪ್ರೋಗ್ರಾಂ ಬರೆದವಳು ನಾನೇ. ಫಲಿತಾಂಶ ಹುಡುಕುವ ಗುರುತಿಗೆ, ಅಂದರೆ ಕೀಗೆ, ರೋಗಿಯ ಹೆಸರು ಕೊಟ್ಟಿದ್ದೆ. ಅವತ್ತು ನಿಮ್ಮ ಹೆಸರಿನವರೇ ಇನ್ನೊಬ್ಬರು ನಿಮಗಿಂತ ಮೊದಲು ರಕ್ತ ಕೊಟ್ಟಿದ್ದರು. ಅವರ ಫಲಿತಾಂಶವೇ ನಿಮಗೂ ಅಚ್ಚಾಯಿತು. "ಹೆಸರು ಬೇಡ, ಚೀಟಿ ನಂಬರ್ ಹೇಳಿ" ಎಂದು ನಮ್ಮ ಲಾಂಡ್ರಿಯಲ್ಲಿ ಗಿರಾಕಿಗಳಿಗೆ ನೀವು ಹೇಳುವುದನ್ನು ಕೇಳಿಯೇ ಬೆಳೆದವಳು, ಆದರೂ ಎಡವಿದೆ.

ಈಗ ನೋಂದಣಿ ಸಂಖ್ಯೆಯೇ ಕೀ. ನಿಮ್ಮ ವರದಿ ಜೊತೆಗಿದೆ. ಮೂರು ಸಲ ನೋಡಿದೆ, ನಿಮಗೆ ಏನೂ ಆಗಿಲ್ಲ. ಅಮ್ಮನಿಗೆ ಮೊದಲು ಹೇಳಿ. ಆ ವರದಿ ನಂಬಿ, ಇನ್ನು ಹೆಚ್ಚು ದಿನ ಇಲ್ಲವೆಂದು ಚಿಕ್ಕಪ್ಪನಿಗೆ ಕೊಟ್ಟುಬಿಟ್ಟ ಇಸ್ತ್ರಿಪೆಟ್ಟಿಗೆಯನ್ನು ಇವತ್ತೇ ವಾಪಸ್ ತನ್ನಿ.

ನಿಮ್ಮ ಹೆಸರಿನವರು ಗುರುವಾರ ಡಾಕ್ಟರನ್ನು ನೋಡಲು ಬರುತ್ತಾರೆ. ಅವರ ವರದಿಯನ್ನೂ ಮೂರು ಸಲ ನೋಡಿದೆ. ಅದರಲ್ಲಿ ತಪ್ಪಿರಲಿಲ್ಲ, ಕಾಯಿಲೆ ಅವರದೇ.

ನಿಮ್ಮ ಬೈಗುಳಕ್ಕೆ ಕಾದಿರುವ
ಮಗಳು